ಗಡಿಯಾಚೆ ಕರೆದೊಯ್ದ ಮೇಷ್ಟ್ರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲಾ ಮಕ್ಕಳನ್ನು ಹೊರದೇಶದ ಬೆಟ್ಟಗುಡ್ಡಗಳಿಗೆ ಕರೆದೊಯ್ದ ಮೇಷ್ಟ್ರುಗಳ ನೆನಪನ್ನು ಹೇಗೆ ದಾಖಲಿಸಬೇಕು, ಅಂಥ ಯಾತ್ರೆಯನ್ನು ಈಗ ಮತ್ತೆ ನಡೆಸುವುದಾದರೆ ಏನೇನು ಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಹೆಚ್ಚಿನವು ನೇಪಾಳದ ಬಗ್ಗೆಯೇ ಇವೆ. ನಮ್ಮ ಶಾಲೆಗಳ ಕೈಗೆಟಕುವ ಹೊರದೇಶ ಅದೇ ಆದ್ದರಿಂದ ಆಶ್ಚರ್ಯವೇನಿಲ್ಲ.

ಪ್ರಶ್ನೆ: ನಮ್ಮ ಹೈಸ್ಕೂಲಿನ ಭೂಗೋಳದ ಮೇಷ್ಟ್ರು ಎಂಬತ್ತರ ದಶಕದಲ್ಲಿ ವಿದ್ಯಾರ್ಥಿಗಳ ತಂಡಗಳನ್ನು ನೇಪಾಳದ ಅನ್ನಪೂರ್ಣ ಪರ್ವತದ ಕಡೆಗೆ ಕರೆದೊಯ್ಯುತ್ತಿದ್ದರು. ಈಗ ಅವರಿಲ್ಲ. ನಾವೆಲ್ಲ ಸೇರಿ ನೆನಪಿನ ಪುಸ್ತಕ ತರಲು ಹೊರಟಿದ್ದೇವೆ. ಒಂದು ಡಬ್ಬಿ ಸ್ಲೈಡು, ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊಗಳು, ಒಂದಿಷ್ಟು ರಸೀದಿ ಸಿಕ್ಕಿವೆ. ಯಾವುದು ಯಾವ ವರ್ಷದ್ದೆಂದು ಯಾರಿಗೂ ಖಚಿತವಿಲ್ಲ. ಎಲ್ಲಿಂದ ಶುರು ಮಾಡುವುದು?
— ಹಳೆ ವಿದ್ಯಾರ್ಥಿಗಳ ಬಳಗ, ಸಾಗರ

ಉತ್ತರ: ರಸೀದಿಗಳಿಂದ. ಎಲ್ಲರೂ ಮೊದಲು ಫೋಟೊ ಹಿಡಿದು ಕೂರುತ್ತಾರೆ, ವರ್ಷದ ಜಗಳದಲ್ಲೇ ಸಂಜೆ ಮುಗಿಯುತ್ತದೆ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಹಾಗಾಗಿ ಪಾಸ್‌ಪೋರ್ಟಿನ ಮೊಹರಿನಿಂದ ವರ್ಷ ಪತ್ತೆ ಮಾಡುವ ಆಸೆ ಬಿಡಿ. ಆದರೆ ವಸತಿಗೃಹದ ಬಿಲ್ಲು, ಬಸ್ ಚೀಟಿ, ಭಾರ ಹೊರುವವರಿಗೆ ಕೊಟ್ಟ ಹಣದ ಚೀಟಿಗಳಲ್ಲಿ ನೇಪಾಳದ ಕಾಲಗಣನೆಯಾದ ವಿಕ್ರಮ ಶಕೆಯ ತಾರೀಕು ಇದ್ದೇ ಇರುತ್ತದೆ. ನೇಪಾಳದ ಹೊಸ ವರ್ಷ ಏಪ್ರಿಲ್ ಮಧ್ಯಕ್ಕೆ ಶುರು. ಏಪ್ರಿಲ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗಿನ ಚೀಟಿಯಾದರೆ 57 ಕಳೆಯಿರಿ, ನಮ್ಮ ಇಸವಿ ಸಿಗುತ್ತದೆ. ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನದಾದರೆ 56. ‘2045 ಆಶ್ವಿನ’ ಎಂದಿದ್ದರೆ ಅದು 1988ರ ಸೆಪ್ಟೆಂಬರ್–ಅಕ್ಟೋಬರ್. ನಮ್ಮ ದಸರಾ ರಜೆಗೆ ಸರಿಯಾಗಿ ಕೂರುತ್ತದೆ. ಫೋಟೊದಲ್ಲಿ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಫಲಕ ಕಂಡರೆ ಅದು 1986ಕ್ಕಿಂತ ಹಿಂದಿನದಲ್ಲ, ಏಕೆಂದರೆ ಆ ಯೋಜನೆ ಆರಂಭವಾದದ್ದೇ ಆ ವರ್ಷ. ಕೊಡಾಕ್ರೋಮ್ ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಒತ್ತಿರುವುದುಂಟು. ಅದು ತೊಳೆದ ತಿಂಗಳು, ಚಿತ್ರ ತೆಗೆದದ್ದಲ್ಲ; ಒಂದೆರಡು ತಿಂಗಳು ಹಿಂದಕ್ಕೆ ಹೋಗಿ ಲೆಕ್ಕ ಹಾಕಿ.

ಇನ್ನು ಸ್ಲೈಡುಗಳು. ಮಲೆನಾಡಿನ ಡಬ್ಬಿಯೆಂದರೆ ಬೂಸಲು ಹಿಡಿದೇ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಬೂಸಲು ಮೆದ್ದಿರುವ ಜಾಗದಲ್ಲಿ ಫಿಲ್ಮಿನ ಪದರ ನೀರಿಗೆ ಕರಗಿ ಬಣ್ಣವೇ ಎದ್ದು ಬರುತ್ತದೆ. ರಬ್ಬರ್ ಬುರುಡೆಯ ಬ್ಲೋವರ್‌ನಿಂದ ಧೂಳು ಹಾರಿಸಿ, ಮೆತ್ತನೆ ಕುಂಚ ಆಡಿಸಿ, ಅಷ್ಟಕ್ಕೇ ನಿಲ್ಲಿಸಿ. ಮೊದಲು ಸ್ಕ್ಯಾನ್, ಶುದ್ಧಿ ಆಮೇಲೆ. 35 ಮಿ.ಮೀ. ಸ್ಲೈಡನ್ನು 2400 ಡಿಪಿಐನಲ್ಲಿ (ಅಂಗುಲಕ್ಕೆ 2400 ಬಿಂದು) ತೆಗೆದರೆ ಸುಮಾರು 3400×2270 ಬಿಂದುಗಳ ಚಿತ್ರ ಸಿಗುತ್ತದೆ. ಎ5 ಅಳತೆಯ ಪುಸ್ತಕದ ಇಡೀ ಪುಟಕ್ಕೆ ಸಾಕು. ಮುಖಪುಟಕ್ಕೆ ಆರಿಸಿದ ನಾಲ್ಕಾರನ್ನು ಮಾತ್ರ 4000 ಡಿಪಿಐನಲ್ಲಿ ತೆಗೆಸಿ. ಮೂಲವನ್ನು ಟಿಫ್ ಕಡತವಾಗಿಯೇ ಇಡಿ. ಸ್ಟುಡಿಯೊದವರು ‘ಧೂಳು ತಾನೇ ಅಳಿಸುವ’ ಸೌಲಭ್ಯ ಹಾಕಿಬಿಡುತ್ತಾರೆ. ಅದು ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಿಂದ ಕೆಲಸ ಮಾಡುವಂಥದ್ದು. ಕಪ್ಪುಬಿಳುಪು ಫಿಲ್ಮಿನಲ್ಲಿ, ಕೊಡಾಕ್ರೋಮ್‌ನಲ್ಲಿ ಚಿತ್ರದ ಗೆರೆಗಳನ್ನೇ ಧೂಳೆಂದು ತಿಂದುಹಾಕುತ್ತದೆ. ಅವೆರಡಕ್ಕೆ ಅದನ್ನು ಬಳಸಬೇಡಿ ಎಂದು ಹೇಳಿ.

ಗಾಜಿಗೆ ಅಂಟಿಕೊಂಡ ಫೋಟೊ ಬಿಡಿಸುವ ಸಾಹಸ ಬೇಡ. ಗಾಜಿನ ಹೊರಮೈ ಒರೆಸಿ, ಗಾಜು ಸಮೇತ ಸ್ಕ್ಯಾನರ್ ಮೇಲೆ ಮಗುಚಿ ಹಾಕಿ. ತುಸು ಮಸುಕಾದರೂ ಚಿಂತೆಯಿಲ್ಲ. ಕಿತ್ತು ಬಂದರೆ ಮೇಷ್ಟ್ರ ಮುಖ ಗಾಜಿನಲ್ಲೇ ಉಳಿಯುತ್ತದೆ.

ಬಳಗದವರ ನೆನಪು ಸಂಗ್ರಹಿಸುವಾಗ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ. ಮೊದಲು ಒಬ್ಬ ಜೋರಾಗಿ ಹೇಳಿದ ಕಥೆ ಹತ್ತು ನಿಮಿಷದಲ್ಲಿ ಹತ್ತೂ ಜನರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರೂ ಮನೆಯಲ್ಲಿ ಒಂದು ಪುಟ ಬರೆದ ಮೇಲೆ ಸೇರಿ. ‘ಸರ್ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ, ಪುಸ್ತಕಕ್ಕೆ ಅದರಿಂದ ಏನೂ ದಕ್ಕದು. ‘ಕುಕ್ಕರ್ ಯಾರ ಬೆನ್ನ ಮೇಲಿತ್ತು? ಸಂಜೆ ಲೆಕ್ಕ ಯಾರು ಬರೆಯುತ್ತಿದ್ದರು? ಯಾರ ಕಾಲು ಬೊಬ್ಬೆ ಎದ್ದಿತ್ತು, ಸರ್ ಆಗ ಏನು ಮಾಡಿದರು?’ ಎಂದು ಕೇಳಿ. ಮೇಷ್ಟ್ರು ಅಲ್ಲಿ ಸಿಗುತ್ತಾರೆ.

ಪ್ರಶ್ನೆ: ಶಾಲಾ ಹುಡುಗರನ್ನು ಹೊರದೇಶದ ಕಾಡುಮೇಡಿಗೆ ಕರೆದೊಯ್ಯುವ ಪದ್ಧತಿ ಶುರು ಮಾಡಿದವರು ಯಾರು? ನಮ್ಮ ದೇಶದಲ್ಲಿ ಅಂಥ ಮೇಷ್ಟ್ರುಗಳಿದ್ದರೆ?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಇಂಥವರೇ ಮೊದಲಿಗರು ಎಂದು ಬೆರಳು ತೋರಿಸುವುದು ಕಷ್ಟ. ಆದರೆ ಅದಕ್ಕೊಂದು ಸಂಸ್ಥೆಯ ರೂಪ ಕೊಟ್ಟವರಲ್ಲಿ ಮುಖ್ಯರು ಬ್ರಿಟನ್ನಿನ ಜಾರ್ಜ್ ಮರ್ರೆ ಲೆವಿಕ್. ಅವರು ಮೇಷ್ಟ್ರಲ್ಲ, ನೌಕಾಪಡೆಯ ವೈದ್ಯರು. ಕ್ಯಾಪ್ಟನ್ ಸ್ಕಾಟ್‌ನ ಟೆರಾ ನೋವಾ ಅಂಟಾರ್ಕ್ಟಿಕ ಯಾತ್ರೆಯ (1910–13) ಉತ್ತರ ತಂಡದ ಆರು ಜನರಲ್ಲಿ ಒಬ್ಬರು. ಹಡಗು ಬಂದು ಕರೆದೊಯ್ಯಲಾಗದೆ 1912ರ ಚಳಿಗಾಲವನ್ನು ಆ ಆರು ಜನ ಹಿಮದಲ್ಲಿ ಕೊರೆದ ಗುಹೆಯೊಳಗೆ ಸೀಲ್, ಪೆಂಗ್ವಿನ್ ಮಾಂಸ ತಿಂದು ಕಳೆದರು. ವಸಂತದಲ್ಲಿ ನಡೆದುಕೊಂಡೇ ನೆಲೆಗೆ ಮರಳಿದರು, ಆರಕ್ಕೆ ಆರೂ ಜನ. 1932ರಲ್ಲಿ ಲೆವಿಕ್ ಪಬ್ಲಿಕ್ ಸ್ಕೂಲ್ಸ್ ಎಕ್ಸ್‌ಪ್ಲೋರಿಂಗ್ ಸೊಸೈಟಿ ಸ್ಥಾಪಿಸಿ ಮೊದಲ ತಂಡವನ್ನು ಫಿನ್ಲೆಂಡಿಗೆ ಕರೆದೊಯ್ದರು. ಅದೇ ಇಂದಿನ ಬ್ರಿಟಿಷ್ ಎಕ್ಸ್‌ಪ್ಲೋರಿಂಗ್ ಸೊಸೈಟಿ.

ನಮ್ಮಲ್ಲಿ ಡೆಹ್ರಾಡೂನಿನ ಡೂನ್ ಶಾಲೆಯನ್ನು ಹೇಳಬೇಕು. ಅಲ್ಲಿ ಪಾಠ ಹೇಳಲು ಬಂದ ಇಂಗ್ಲಿಷ್ ಮೇಷ್ಟ್ರುಗಳಾದ ಜಾನ್ ಮಾರ್ಟಿನ್, ಜ್ಯಾಕ್ ಗಿಬ್ಸನ್, ಆರ್. ಎಲ್. ಹೋಲ್ಡ್ಸ್‌ವರ್ತ್ ತಮಗೆ ಹೊರದೇಶವಾದ ಗಢ್‌ವಾಲಿನ ಬೆಟ್ಟಗಳಿಗೆ ರಜೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಹೋಲ್ಡ್ಸ್‌ವರ್ತ್ 1931ರಲ್ಲಿ ಕಾಮೆಟ್ ಶಿಖರ ಏರಿದ ತಂಡದಲ್ಲಿದ್ದವರು. ಆ ಶಾಲೆಯಲ್ಲಿ ಓದಿದ ನಂದು ಜಯಾಲ್ ಮುಂದೆ 1954ರಲ್ಲಿ ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆಯ ಮೊದಲ ಪ್ರಾಂಶುಪಾಲರಾದರು. ಡೂನ್ ಶಾಲೆಯಲ್ಲೇ ಭೂಗೋಳ ಕಲಿಸುತ್ತಿದ್ದ ಗುರುದಯಾಲ್ ಸಿಂಗ್ 1951ರಲ್ಲಿ 7120 ಮೀಟರ್ ಎತ್ತರದ ತ್ರಿಶೂಲ್ ಏರಿದರು. ಭಾರತೀಯರ ಪರ್ವತಾರೋಹಣ ಶುರುವಾದದ್ದು ಅಲ್ಲಿಂದ ಎಂದು ಹಲವರು ಲೆಕ್ಕ ಹಿಡಿಯುತ್ತಾರೆ. 1965ರ ಎವರೆಸ್ಟ್ ತಂಡದಲ್ಲೂ ಅವರಿದ್ದರು. ನಮ್ಮ ಪರ್ವತಾರೋಹಣದ ಮೊದಲ ತಲೆಮಾರು ಬಹುಪಾಲು ಒಂದು ಶಾಲೆಯ ರಜಾದಿನಗಳಿಂದ ಬಂತೆಂದರೆ ಅತಿಶಯವಲ್ಲ.

ಪ್ರಶ್ನೆ: 9 ಮತ್ತು 10ನೇ ತರಗತಿಯ ಮಕ್ಕಳನ್ನು ನೇಪಾಳಕ್ಕೆ ಕರೆದೊಯ್ಯಲು ಆಧಾರ್ ಸಾಕೇ?
— ದೈಹಿಕ ಶಿಕ್ಷಣ ಶಿಕ್ಷಕ, ಹಾಸನ

ಉತ್ತರ: ವಯಸ್ಸು ನೋಡಿ ಮೂರು ಗುಂಪು ಮಾಡಿ. 15 ತುಂಬದವರಿಗೆ ಆಧಾರ್ ನಡೆಯುತ್ತದೆ. 15ರಿಂದ 18ರವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರ ಬೇಕು. ಮಾಮೂಲಿ ಐಡಿ ಕಾರ್ಡಾಗಲಿ ಬೋನಫೈಡ್ ಆಗಲಿ ಅದಲ್ಲ. ಎಡವುವುದು ಸಾಮಾನ್ಯವಾಗಿ ಮೂರನೆಯ ಗುಂಪಿನವರು, ಅಂದರೆ ಮೇಷ್ಟ್ರುಗಳೇ. 18 ದಾಟಿ 65ರೊಳಗಿದ್ದವರಿಗೆ ವಿಮಾನದಲ್ಲಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯೇ ಆಗಬೇಕು. ಆಧಾರ್ ಮಾತ್ರ ಹಿಡಿದು ಬಂದ ಶಿಕ್ಷಕರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಉಳಿದರೆ ಮಕ್ಕಳ ಪಾಡೇನು? 9ನೇ ತರಗತಿಯಲ್ಲಿ ಕೆಲವರು ಪ್ರಯಾಣದ ನಡುವೆಯೇ 15ಕ್ಕೆ ಕಾಲಿಡುತ್ತಾರೆ. ಅವರಿಗೂ ಪ್ರಮಾಣಪತ್ರ ಮಾಡಿಸಿಡಿ. ತಂದೆತಾಯಿಯ ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ ನೋಟರಿ ಮಾಡಿಸಿ, ಮೂರು ಪ್ರತಿ ಇಡಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕಾಯ್ದಿರಿಸುವ ಮುನ್ನ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಜಾಲತಾಣ ಒಮ್ಮೆ ನೋಡಿ.

ಹಣದ ಬಗ್ಗೆ ಒಂದು ಮಾತು: ನಮ್ಮ 1 ರೂಪಾಯಿಗೆ ಅಲ್ಲಿನ 1.60. ಬಹುಕಾಲದಿಂದ ಇದೇ ದರ. 100 ರೂಪಾಯಿ ಮತ್ತು ಅದಕ್ಕಿಂತ ಚಿಕ್ಕ ನೋಟುಗಳನ್ನು ಒಯ್ದರೆ ಎಲ್ಲೂ ತಕರಾರಿಲ್ಲ.

ಪ್ರಶ್ನೆ: ದಸರಾ ರಜೆಯಲ್ಲಿ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ದೇವರಾಲಿಯಿಂದ ನೇರ ಬೇಸ್ ಕ್ಯಾಂಪಿಗೆ ಒಂದೇ ದಿನ. ಇದು ಸರಿಯೇ?
— ವಿಜ್ಞಾನ ಶಿಕ್ಷಕಿ, ತುಮಕೂರು

ಉತ್ತರ: ನಿಮ್ಮ ಅನುಮಾನ ಸರಿ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದೆಂಬುದು ವೈದ್ಯರು ಒಪ್ಪಿದ ಲೆಕ್ಕ. ದೇವರಾಲಿ ಸುಮಾರು 3230, ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪ್ 3700, ಅನ್ನಪೂರ್ಣ ಬೇಸ್ ಕ್ಯಾಂಪ್ 4130. ನೇರ ಹೋದರೆ ಒಂದೇ ಏಟಿಗೆ 900 ಮೀಟರ್. ನಡುವೆ 3700ರಲ್ಲಿ ಒಂದು ರಾತ್ರಿ ಮಲಗಿದರೆ 470, ಆಮೇಲೆ 430, ಎರಡೂ ಮಿತಿಯೊಳಗೆ. ಏಜೆಂಟರಿಗೆ ಒಂದು ದಿನದ ಖರ್ಚು ಉಳಿಯುವುದು ಇಲ್ಲೇ. ಇನ್ನೂ ಒಳ್ಳೆಯದು, 3700ರಲ್ಲಿ ಎರಡು ರಾತ್ರಿ ತಂಗಿ, ಮಧ್ಯದ ದಿನ ಬರಿಗೈಯಲ್ಲಿ ಮೇಲೆ ಹೋಗಿ ನೋಡಿ ಇಳಿದುಬನ್ನಿ. ಬೇಸ್ ಕ್ಯಾಂಪಿನಲ್ಲೇ ಮಲಗಬೇಕೆಂಬ ಹಟ ಮಕ್ಕಳ ತಂಡಕ್ಕೆ ಬೇಡ.

ದಿನವೂ ಸಂಜೆ ಊಟಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕರೆದು ನಾಲ್ಕು ಪ್ರಶ್ನೆ ಕೇಳಿ, ತಲೆನೋವು, ಹೊಟ್ಟೆ ತೊಳೆಸುವುದು ಅಥವಾ ವಾಂತಿ, ಸುಸ್ತು, ತಲೆಸುತ್ತು ಇವುಗಳಿಗೆ 0ಯಿಂದ 3ರವರೆಗೆ ಅಂಕ ಬರೆಯಿರಿ. ಲೇಕ್ ಲೂಯಿಸ್ ಅಂಕವೆಂದರೆ ಇದೇ. ತಲೆನೋವಿದ್ದು ಒಟ್ಟು 3 ಅಥವಾ ಹೆಚ್ಚಾದರೆ ಅದು ಎತ್ತರದ ಕಾಯಿಲೆ. ಆ ಮಗು ಮರುದಿನ ಮೇಲೆ ಹತ್ತಬಾರದು. ಎಲ್ಲರ ಮುಂದೆ ಕೇಳಿದರೆ ‘ಚೆನ್ನಾಗಿದೀನಿ ಸರ್’ ಎಂದೇ ಹೇಳುತ್ತಾರೆ, ತಮ್ಮಿಂದ ತಂಡ ನಿಲ್ಲಬಾರದೆಂಬ ಮುಲಾಜು. ಪುಸ್ತಕದಲ್ಲಿ ಬರೆದಿಟ್ಟರೆ ನಿನ್ನೆ 1 ಇದ್ದದ್ದು ಇವತ್ತು 2 ಆದದ್ದು ಕಣ್ಣಿಗೆ ಬೀಳುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ನೆಚ್ಚಬೇಡಿ. ತಣ್ಣಗಿನ ಬೆರಳಲ್ಲಿ ತಪ್ಪು ತೋರಿಸುತ್ತದೆ.

ಇನ್ನೆರಡು ಲಕ್ಷಣಗಳಿಗೆ ಅಂಕದ ಹಂಗೇ ಬೇಡ. ನೆಲದ ಮೇಲೆ ಒಂದು ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದಾಗ ಓಲಾಡಿದರೆ ಮಿದುಳಿಗೆ ಬಾವು ಬರುತ್ತಿದೆ ಎಂದರ್ಥ. ಸುಮ್ಮನೆ ಕೂತಾಗಲೂ ಏದುಸಿರು ಬಿಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು. ರಾತ್ರಿಯಾದರೂ ಸರಿ, ಟಾರ್ಚ್ ಹಿಡಿದು ಇಳಿಸಬೇಕು. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಕೊಡುವುದೋ ಬೇಡವೋ ಊರಲ್ಲೇ ವೈದ್ಯರು ಪ್ರತಿ ಮಗುವಿಗೂ ಬೇರೆಯಾಗಿ ತೀರ್ಮಾನಿಸಬೇಕು. ಸಲ್ಫಾ ಅಲರ್ಜಿ ಇದೆಯೇ ಎಂದು ತಪ್ಪದೆ ಕೇಳಿಸಿ.

ಹವೆಯ ವಿಷಯ. ಅಕ್ಟೋಬರಿನಲ್ಲಿ ಸಾಧಾರಣವಾಗಿ ಆಕಾಶ ಶುಭ್ರ. ಆದರೆ ಬಂಗಾಳ ಕೊಲ್ಲಿಯ ಚಂಡಮಾರುತದ ಸುದ್ದಿಯನ್ನು ಅಲ್ಲಿದ್ದೂ ಕೇಳುತ್ತಿರಿ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್, 14ರಂದು ಅನ್ನಪೂರ್ಣ ಸುತ್ತಿನ ಥೊರಾಂಗ್ ಲಾ ಎಂಬ ಎತ್ತರದ ಕಣಿವೆದಾರಿಯ ಕಡೆ ಹಿಮಬಿರುಗಾಳಿಯಾಗಿ 40ಕ್ಕೂ ಹೆಚ್ಚು ಜನ ಸತ್ತರು. ಎರಡು ದಿನದ ಮುನ್ಸೂಚನೆ ನಮ್ಮ ಕರಾವಳಿಯ ಸುದ್ದಿಯಲ್ಲೇ ಇತ್ತು. ಹೊಸ ಹಿಮ ಬಿದ್ದಮೇಲೆ ಹಿಮಾಲಯ ಎಂಬ ತಂಗುದಾಣ ಮತ್ತು ಮಚ್ಛಾಪುಚ್ಛ್ರೆ ಬೇಸ್ ಕ್ಯಾಂಪಿನ ನಡುವಿನ ಕಣಿವೆಗೆ ಇಳಿಯಲೇಬೇಡಿ. ಮೇಲಿನ ಇಳಿಜಾರಿನಿಂದ ಹಿಮಪಾತ ನೇರ ದಾರಿಗೇ ಬರುತ್ತದೆ. 2020ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ನಾಲ್ವರು ಶಿಕ್ಷಕರೂ ಮೂವರು ನೇಪಾಳಿಗಳೂ ಸತ್ತದ್ದು ದೇವರಾಲಿಯ ಆಸುಪಾಸಿನಲ್ಲೇ.

ದಸರಾ ಎಂದಿರಿ, ಅಲ್ಲಿ ಅದೇ ಹೊತ್ತಿಗೆ ದಶೈಂ. ನೇಪಾಳದ ಅತಿ ದೊಡ್ಡ ಹಬ್ಬ. ಭಾರ ಹೊರುವವರು, ಬಸ್ ಚಾಲಕರು ಊರಿಗೆ ಹೋಗಿಬಿಡುತ್ತಾರೆ, ಬಸ್ಸುಗಳು ತುಂಬಿ ತುಳುಕುತ್ತವೆ. ಆಳುಗಳನ್ನು ಹೆಸರು ಸಮೇತ ಮೊದಲೇ ಗೊತ್ತು ಮಾಡಿಕೊಳ್ಳಿ, ಹಬ್ಬದ ಭತ್ಯೆ ಸೇರಿಸಿಯೇ ಲೆಕ್ಕ ಹಾಕಿ. ಕಾನೂನು 30 ಕೆ.ಜಿ.ವರೆಗೆ ಹೊರಿಸಬಹುದೆನ್ನುತ್ತದೆ, ಮಕ್ಕಳೆದುರು 20ಕ್ಕೆ ನಿಲ್ಲಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಸರ್ ಬೇಸ್ ಕ್ಯಾಂಪಿನವರೆಗೂ ಪ್ರೆಷರ್ ಕುಕ್ಕರ್ ಹೊರಿಸುತ್ತಿದ್ದರು. ಅಷ್ಟು ಭಾರ ಯಾಕೆಂದು ಆಗ ಗೊಣಗುತ್ತಿದ್ದೆವು. ಬೇಕಿತ್ತೇ?
— ಹಳೆ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬೇಕಿತ್ತು. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. 4130 ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ, ಸೀಮೆಎಣ್ಣೆ ಮಾತ್ರ ಖರ್ಚು. ತೊಗರಿಬೇಳೆ ಗಂಟೆಗಟ್ಟಲೆ ಕುದ್ದರೂ ನಡುವೆ ಕಾಳಾಗಿಯೇ ಇರುತ್ತದೆ. ಕುಕ್ಕರಿನೊಳಗೆ ಅದೇ ಎತ್ತರದಲ್ಲಿ ಸುಮಾರು 113 ಡಿಗ್ರಿ ಸಿಗುತ್ತದೆ. ಊರಿಗಿಂತ ಒಂದೆರಡು ಕೂಗು ಹೆಚ್ಚು ಬೇಕು, ಅಷ್ಟೆ.

ಈಗ ಆ ದಾರಿಯುದ್ದಕ್ಕೂ ಲಾಡ್ಜುಗಳಲ್ಲಿ ದಾಲ್‌ಭಾತ್ ಸಿಗುವುದರಿಂದ ಕುಕ್ಕರ್ ಹೊರಬೇಕಿಲ್ಲ. ತಾವೇ ಅಡುಗೆ ಮಾಡುವ ಡೇರೆಯ ಯಾತ್ರೆಗೆ, ಕುಕ್ಕರ್ ಬೇಡವೆಂದರೆ, ನಮ್ಮ ಮನೆಯದೇ ಎರಡು ಪದಾರ್ಥ 86 ಡಿಗ್ರಿಗೆ ಹೇಳಿ ಮಾಡಿಸಿದಂತಿವೆ: ಅವಲಕ್ಕಿ, ಹುರಿದ ರವೆ. ಮಧ್ಯಮ ಅವಲಕ್ಕಿ ಬಿಸಿನೀರಿಗೆ ಐದು ನಿಮಿಷದಲ್ಲಿ ಅರಳುತ್ತದೆ. ರವೆ ಊರಲ್ಲೇ ಒಗ್ಗರಣೆ ಹಾಕಿ ಹುರಿದು ತಲೆಗೆ 80 ಗ್ರಾಂನಂತೆ ಪೊಟ್ಟಣ ಕಟ್ಟಿಕೊಳ್ಳಿ. ಕೊಬ್ಬರಿಎಣ್ಣೆಯ ಒಗ್ಗರಣೆ ಬೇಡ, ಚಳಿಗೆ ಗಟ್ಟಿಯಾಗಿ ಗಂಟುಗಟ್ಟುತ್ತದೆ. ಕಡಲೆಕಾಯಿ ಎಣ್ಣೆ ಸರಿ. ಬೇಳೆ ಬೇಕೇಬೇಕೆಂದರೆ ತೊಗರಿ ಬಿಟ್ಟು ಮಸೂರ. ಕುಡಿಯುವ ನೀರನ್ನು ಮಾತ್ರ ಕುದಿ ಬಂದಮೇಲೆ ಮೂರು ನಿಮಿಷ ಬಿಡಿ. ಗ್ಯಾಸ್ ಸಿಲಿಂಡರ್ ಎಷ್ಟೇ ಪುಟ್ಟದಿರಲಿ ವಿಮಾನದಲ್ಲಿ ಒಯ್ಯುವಂತಿಲ್ಲ, ಪೋಖರಾದಲ್ಲಿ ಕೊಳ್ಳಿ.

ಪ್ರಶ್ನೆ: 16 ಮಕ್ಕಳಿಗೆ ಎಷ್ಟು ಶಿಕ್ಷಕರು ಬೇಕು? ಮಕ್ಕಳಿಗೆ ಜವಾಬ್ದಾರಿ ಕೊಡಬಹುದೇ?
— ಮುಖ್ಯೋಪಾಧ್ಯಾಯರು, ಉಡುಪಿ ಜಿಲ್ಲೆ

ಉತ್ತರ: ಮೂವರು ಶಿಕ್ಷಕರು, ಇಬ್ಬರು ಸ್ಥಳೀಯ ಗೈಡುಗಳು. ಒಂದು ಮಗು ಹುಷಾರು ತಪ್ಪಿ ಇಳಿಯಬೇಕಾದರೆ ಜೊತೆಗೆ ಒಬ್ಬ ಶಿಕ್ಷಕ, ಒಬ್ಬ ಗೈಡ್ ಹೋಗಬೇಕು. ಮೇಲೆ ಉಳಿದ 15 ಮಕ್ಕಳಿಗೆ ಆಗಲೂ ಇಬ್ಬರು ಶಿಕ್ಷಕರು, ಒಬ್ಬ ಗೈಡ್ ಇರುತ್ತಾರೆ. ಇಬ್ಬರೇ ಶಿಕ್ಷಕರಾದರೆ ಮೊದಲ ಜ್ವರಕ್ಕೇ ಯಾತ್ರೆ ಮುರಿಯುತ್ತದೆ. ಹೆಣ್ಣುಮಕ್ಕಳಿದ್ದರೆ ಒಬ್ಬರಾದರೂ ಶಿಕ್ಷಕಿ. ಮೇಲಿನ ತಂಗುದಾಣಗಳಲ್ಲಿ ಕೋಣೆಗಳು ಕಡಿಮೆ. 16 ದಾಟಿದರೆ ಎರಡು ತಂಡ ಮಾಡಿ ಒಂದು ದಿನದ ಅಂತರದಲ್ಲಿ ಹೊರಡಿಸಿ.

ಜವಾಬ್ದಾರಿ ಕೊಡಲೇಬೇಕು, ನಿಜವಾದದ್ದನ್ನೇ ಕೊಡಬೇಕು. ಖರ್ಚಿನ ಲೆಕ್ಕ, ಹವೆಯ ದಾಖಲೆ, ನೀರಿನ ಮಾತ್ರೆ, ನಕ್ಷೆ ಹಿಡಿದು ಮುಂದೆ ನಡೆಯುವುದು, ಕೊನೆಯವನಾಗಿ ನಡೆಯುವುದು, ಇವನ್ನು ದಿನಕ್ಕೊಬ್ಬರಂತೆ ಸರದಿ ಹಾಕಿ. ನಲವತ್ತು ವರ್ಷದ ಮೇಲೂ ಹಳೆ ವಿದ್ಯಾರ್ಥಿಗಳು ನೆನೆಯುವುದು ‘ಆ ದಿನ ನಕ್ಷೆ ನನ್ನ ಕೈಲಿತ್ತು’ ಎಂಬುದನ್ನೇ. ಆದರೆ ಜೀವ ಕಾಯುವ ಸಲಕರಣೆಯನ್ನು ಪರೀಕ್ಷಿಸುವ ಹೊಣೆ ದೊಡ್ಡವರದ್ದೇ. ಮೇಲೆ ಹೇಳಿದ ಬ್ರಿಟನ್ನಿನ ಸಂಸ್ಥೆಯ 2011ರ ಯಾತ್ರೆಯಲ್ಲಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಶಿಬಿರಕ್ಕೆ ಹಿಮಕರಡಿ ನುಗ್ಗಿ 17 ವರ್ಷದ ವಿದ್ಯಾರ್ಥಿಯೊಬ್ಬ ಸತ್ತ, ನಾಲ್ವರು ಗಾಯಗೊಂಡರು. ಡೇರೆಗಳ ಸುತ್ತ ಕಟ್ಟಿದ್ದ ಎಚ್ಚರಿಕೆಯ ತಂತಿ ತಾಗಿದರೂ ಸಿಡಿಯಲಿಲ್ಲ. ಅದರ ಕೆಲವು ಬಿಡಿಭಾಗ ಕಳೆದುಹೋಗಿ ಕಾಗದಕ್ಕೆ ಹಾಕುವ ಕ್ಲಿಪ್ಪು ಸಿಕ್ಕಿಸಿದ್ದರೆಂದು ವಿಚಾರಣೆಯಲ್ಲಿ ಹೊರಬಂತು. ಬಂದೂಕೂ ಮೊದಲು ಹಾರಲಿಲ್ಲ. ನಿಮ್ಮ ಯಾತ್ರೆಯಲ್ಲಿ ಕರಡಿ ಇರಲಾರದು, ಆದರೆ ಬ್ಯಾಟರಿಯಿಲ್ಲದ ಟಾರ್ಚ್, ಅವಧಿ ಮುಗಿದ ಔಷಧ, ನೇಪಾಳದಲ್ಲಿ ನಡೆಯದ ಭಾರತದ ಸಿಮ್ ಇರಬಹುದು. ಹೊರಡುವ ಹಿಂದಿನ ವಾರ ಪಟ್ಟಿ ಓದಿ ಟಿಕ್ ಹಾಕಿದರೆ ಸಾಲದು. ಒಂದೊಂದನ್ನೂ ಆನ್ ಮಾಡಿ, ಕಟ್ಟಿ, ಉಪಯೋಗಿಸಿ ನೋಡಬೇಕು. ಹೊರದೇಶದ ಸಾಹಸಯಾತ್ರೆಗಳಿಗಾಗಿ 2007ರಲ್ಲಿ ಬ್ರಿಟನ್ ತಂದ ಮಾನದಂಡಕ್ಕೆ ಬಿಎಸ್ 8848 ಎಂದು ಹೆಸರು. ಎವರೆಸ್ಟಿನ ಎತ್ತರದ ಅಂಕಿಯನ್ನೇ ಇಟ್ಟಿದ್ದಾರೆ.

ಪ್ರಶ್ನೆ: ನಮ್ಮ ಮೇಷ್ಟ್ರು ಥೊರಾಂಗ್ ಲಾ ಕಣಿವೆದಾರಿಗೆ ಇನ್ನೇನು ಎರಡು ಗಂಟೆ ಇದೆ ಎನ್ನುವಾಗ ತಂಡವನ್ನು ವಾಪಸು ತಿರುಗಿಸಿದರು. ಕೆಲವರಿಗೆ ಇನ್ನೂ ಆ ಸಿಟ್ಟಿದೆ. ನೆನಪಿನ ಪುಸ್ತಕದಲ್ಲಿ ಇದನ್ನು ಬಿಡುವುದು ಒಳ್ಳೆಯದಲ್ಲವೇ?
— ಹಳೆ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಿಡಬೇಡಿ, ಅದಕ್ಕೇ ಹೆಚ್ಚು ಪುಟ ಕೊಡಿ. ಥೊರಾಂಗ್ ಲಾ 5416 ಮೀಟರ್. ಅಲ್ಲಿ ಹೊತ್ತೇರಿದಂತೆ ಗಾಳಿಯೂ ಏರುತ್ತದೆ; ನಸುಕಿನಲ್ಲೇ ಹೊರಟು ಮಧ್ಯಾಹ್ನದೊಳಗೆ ಆಚೆ ಇಳಿಯುವುದು ರೂಢಿ. ತುದಿ ತಲುಪಿದರೂ ಆಚೆ ಮುಕ್ತಿನಾಥದವರೆಗೆ 1600 ಮೀಟರ್ ಇಳಿತ ಬಾಕಿ, ಅದೂ ದಣಿದ ಮೊಣಕಾಲುಗಳಲ್ಲಿ. ಜವಾಬ್ದಾರಿಯುಳ್ಳ ನಾಯಕ ಹೊರಡುವ ಮೊದಲೇ ‘ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ’ ಎಂದು ನಿಗದಿ ಮಾಡಿಕೊಂಡಿರುತ್ತಾನೆ. ಮೇಲೆ ನಿಂತು ಗಾಳಿ ತೆಳುವಾದಾಗ ಮಾಡುವ ತೀರ್ಮಾನ ನೆಚ್ಚುವಂಥದ್ದಲ್ಲ.

ಬರೆಯುವಾಗ ಆವತ್ತು ಎಷ್ಟಕ್ಕೆ ಹೊರಟಿರಿ, ಎಲ್ಲಿ ತಡವಾಯಿತು, ಯಾರು ಹಿಂದೆ ಬಿದ್ದಿದ್ದರು, ಗಾಳಿ ಹೇಗಿತ್ತು ಎಂದು ಗಂಟೆ ಹಿಡಿದು ಬರೆಯಿರಿ. ಸಿಟ್ಟಿದ್ದವರಿಂದಲೂ ಅವರ ಮಾತಿನಲ್ಲೇ ಬರೆಸಿ, ತಿದ್ದಬೇಡಿ. ಓದಿದವರು ತಾವೇ ತೀರ್ಮಾನಿಸಲಿ.

ಪ್ರಶ್ನೆ: ಮೇಷ್ಟ್ರ ಹೆಸರಿನಲ್ಲಿ ಶಾಲೆಯಲ್ಲಿ ಪ್ರತಿಮೆ ಇಡಬೇಕೋ, ಚಿನ್ನದ ಪದಕ ಇಡಬೇಕೋ ಎಂದು ಚರ್ಚೆ ನಡೆದಿದೆ. ನಿಮ್ಮ ಸಲಹೆ?
— ಹಳೆ ವಿದ್ಯಾರ್ಥಿಗಳ ಸಂಘ, ಚಿಕ್ಕಮಗಳೂರು

ಉತ್ತರ: ಎರಡೂ ಬೇಡ, ಒಂದು ಸಲಕರಣೆ ಕೋಣೆ ಮಾಡಿ. ದುಡ್ಡಿಲ್ಲದ ಮನೆಯ ಮಗು ಯಾತ್ರೆಗೆ ಬರದಿರುವುದು ಹೆಚ್ಚಾಗಿ ಟಿಕೆಟ್ಟಿನಿಂದಲ್ಲ. ಜಾಕೆಟ್, ಬೂಟು, ಸ್ಲೀಪಿಂಗ್ ಬ್ಯಾಗಿನ ಖರ್ಚಿನಿಂದ. 16 ಜನಕ್ಕಾಗುವಷ್ಟು ಇಡಿ, ಎರವಲು ಪುಸ್ತಕ ಇಡಿ, ಒಬ್ಬರನ್ನು ಉಸ್ತುವಾರಿಗೆ ನೇಮಿಸಿ. ನಿಮ್ಮೂರಿಗೆ ಮುಳ್ಳಯ್ಯನಗಿರಿ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಕೆಡುವುದು ಎಲ್ಲಿ ಎಂದರೆ, ಸ್ಲೀಪಿಂಗ್ ಬ್ಯಾಗುಗಳನ್ನು ಅವುಗಳ ಪುಟ್ಟ ಚೀಲಕ್ಕೆ ತುರುಕಿಯೇ ಬೀರುವಿನಲ್ಲಿಟ್ಟರೆ ಒಳಗಿನ ತುಂಬು ಚಪ್ಪಟೆಯಾಗಿ ಒಂದೆರಡು ವರ್ಷದಲ್ಲೇ ಬೆಚ್ಚಗಿರುವುದಿಲ್ಲ. ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ನೇತುಹಾಕಿ. ಡೇರೆಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಡಿಸಿ ಗಾಳಿಗೆ ಹಾಕಿ. ಒದ್ದೆ ಮಡಿಸಿದರೆ ಒಳಪದರ ಅಂಟಂಟಾಗಿ ಸುಲಿಯುತ್ತದೆ. ಬೂಟಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪಾಲಿಯುರೆಥೇನ್ ಅಟ್ಟೆಯ ಬೂಟು ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ. ನೋಡಲು ಹೊಚ್ಚಹೊಸದು, ನಡೆದ ಎರಡನೇ ದಿನ ಅಟ್ಟೆ ಪೂರ್ತಿ ಕಳಚಿ ಬೀಳುತ್ತದೆ. ಕೊಂಡ ವರ್ಷವನ್ನು ನಾಲಿಗೆಯ ಒಳಗೆ ಶಾಯಿಯಲ್ಲಿ ಬರೆದಿಡಿ, ಐದು ವರ್ಷ ದಾಟಿದ ಜೋಡಿಗಳನ್ನು ಹೊರದೇಶಕ್ಕೆ ಕಳಿಸಬೇಡಿ. ಅನುಮಾನವಿದ್ದರೆ ಅಟ್ಟೆಯ ಬದಿಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಆ ಜೋಡಿ ಮುಗಿಯಿತು.